ಜೀವಾಕ್ಷರಗಳ ಸಂಗ್ರಾಹಕಿ ಮಾರ್ಗರೆಟ್ ಡೇಹಾಫ್

ಪ್ರತಿ ವರ್ಷ ಜೂನ್ ತಿಂಗಳಲ್ಲಿ ಶಾಲೆಯ ದಾಖಲೆ ಪುಸ್ತಕವನ್ನು ತೆರೆದು ಹೊಸ ಮಕ್ಕಳ ಹೆಸರುಗಳನ್ನು ಬರೆದುಕೊಳ್ಳುವಾಗ ನಮಗೆ ಒಂದು ತೊಡಕು ತಪ್ಪದೆ ಎದುರಾಗುತ್ತದೆ. ಒಬ್ಬನೇ ಬಾಲಕನ ಹೆಸರು ಜನನ ಪತ್ರದಲ್ಲಿ ಒಂದು ಬಗೆಯಾಗಿಯೂ, ಪಡಿತರ ಚೀಟಿಯಲ್ಲಿ ಇನ್ನೊಂದು ಬಗೆಯಾಗಿಯೂ, ಊರಿನ ಶಾಲೆಯಿಂದ ತಂದ ವರ್ಗಾವಣೆ ಪತ್ರದಲ್ಲಿ ಮೂರನೆಯ ಬಗೆಯಾಗಿಯೂ ಇರುತ್ತದೆ. ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಈ ನಗರದ ಭಾಷೆಗೆ ಸಾಗಿ ಬರುವಷ್ಟರಲ್ಲಿ ಒಂದು ದೀರ್ಘ ಬಿದ್ದುಹೋಗಿರುತ್ತದೆ, ಒಂದು ಒತ್ತಕ್ಷರ ಕಳೆದುಹೋಗಿರುತ್ತದೆ. ಬರೆದವರಲ್ಲಿ ಯಾರೂ ತಪ್ಪು ಮಾಡಬೇಕೆಂದು ಬರೆದವರಲ್ಲ. ಎಲ್ಲರೂ ಒಪ್ಪಿ ನಡೆಯುವ ಒಂದು ಕ್ರಮವಿಲ್ಲದಿರುವುದೇ ಈ ತೊಡಕಿಗೆ ಕಾರಣ. ಹೆಸರು ಒಂದಾಗದಿದ್ದರೆ ಮಗುವಿನ ವಿದ್ಯಾರ್ಥಿವೇತನವೂ ನಿಲ್ಲುತ್ತದೆ, ತಂದೆತಾಯಿಗಳು ಕಛೇರಿಯಿಂದ ಕಛೇರಿಗೆ ಅಲೆಯಬೇಕಾಗುತ್ತದೆ.

ಇಂತಹುದೇ ತೊಡಕು ಒಂದು ಕಾಲದಲ್ಲಿ ಜೀವವಿಜ್ಞಾನಕ್ಕೂ ಒದಗಿತ್ತು. ಅಲ್ಲಿ ಹೆಸರು ಬರೆಯಬೇಕಾಗಿದ್ದುದು ಮಕ್ಕಳದಲ್ಲ. ನಮ್ಮ ನಿಮ್ಮೆಲ್ಲರ ದೇಹವನ್ನು ಕಟ್ಟಿ ನಡೆಸುತ್ತಿರುವ ಪ್ರೋಟೀನುಗಳದು. ಆ ತೊಡಕನ್ನು ಕಂಡು, ಅದನ್ನು ಬಿಡಿಸುವುದಕ್ಕಾಗಿ ತಮ್ಮ ಬಾಳಿನ ಉತ್ತಮ ಭಾಗವನ್ನು ಸವೆಸಿದವರು ಅಮೆರಿಕದ ವಿದುಷಿ ಮಾರ್ಗರೆಟ್ ಓಕ್ಲಿ ಡೇಹಾಫ್. ಇಂದು ವಿಜ್ಞಾನಿಗಳು ಗಣಕಯಂತ್ರದ ಮುಂದೆ ಕುಳಿತು, ಮನೆಯ ನಕ್ಷೆಯನ್ನು ಬರೆಯುವಂತೆ ಜೀವಕೋಶದ ಹೊಸ ಹೊಸ ಭಾಗಗಳ ನಕ್ಷೆಗಳನ್ನು ರಚಿಸುತ್ತಿದ್ದಾರೆ. ಈ ವಿದ್ಯೆಗೆ ಸಂಶ್ಲೇಷಿತ ಜೀವವಿಜ್ಞಾನವೆಂದು ಹೆಸರು. ಈ ಕಟ್ಟಡದ ತಳಪಾಯದಲ್ಲಿ ಕೂಡಿರುವ ಕಲ್ಲುಗಳಲ್ಲಿ ಬಹಳಷ್ಟು ಡೇಹಾಫ್ ಅವರು ಇಟ್ಟವು. ಅವರ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಮಾರ್ಗರೆಟ್ ಅವರು 1925ನೆಯ ಇಸವಿ ಮಾರ್ಚ್ 11ರಂದು ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಜನಿಸಿದರು. ತಂದೆ ಸಣ್ಣ ವ್ಯಾಪಾರವನ್ನು ನಡೆಸುತ್ತಿದ್ದರು. ತಾಯಿ ಪ್ರೌಢಶಾಲೆಯಲ್ಲಿ ಗಣಿತದ ಉಪಾಧ್ಯಾಯಿನಿಯಾಗಿದ್ದರು. ಬಾಲಕಿಗೆ ಹತ್ತು ವರ್ಷ ತುಂಬುವ ಹೊತ್ತಿಗೆ ಕುಟುಂಬವು ನ್ಯೂಯಾರ್ಕ್ ನಗರಕ್ಕೆ ಬಂದು ನೆಲಸಿತು. ಹುಟ್ಟಿದ ಊರನ್ನು ಬಿಟ್ಟು ದೊಡ್ಡ ನಗರದ ಶಾಲೆಯೊಂದರಲ್ಲಿ ಹೊಸಬಳಾಗಿ ಕುಳಿತ ಆ ಬಾಲಕಿಯ ಮನಃಸ್ಥಿತಿ ನಮ್ಮ ಶಾಲೆಯ ಹಲವರಿಗೆ ವಿವರಿಸದೆಯೇ ತಿಳಿಯತಕ್ಕದ್ದು. ಆದರೆ ಲೆಕ್ಕಕ್ಕೆ ಊರಿನ ಭೇದವಿಲ್ಲ. ಮಾರ್ಗರೆಟ್ ಬೇಸೈಡ್ ಪ್ರೌಢಶಾಲೆಯಿಂದ 1942ರಲ್ಲಿ ತಮ್ಮ ತರಗತಿಗೆ ಮೊದಲಿಗರಾಗಿ ಹೊರಬಂದರು. ವಿದ್ಯಾರ್ಥಿವೇತನದ ಬಲದಿಂದ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕಾಲೇಜನ್ನು ಸೇರಿ, 1945ರಲ್ಲಿ ಗಣಿತಶಾಸ್ತ್ರದಲ್ಲಿ ಪದವಿಯನ್ನು ಪಡೆದರು.

ಅಲ್ಲಿಂದ ಮುಂದೆ ಅವರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಕಿಂಬಾಲ್ ಎಂಬ ಪ್ರಾಧ್ಯಾಪಕರ ಬಳಿ ಕ್ವಾಂಟಂ ರಸಾಯನಶಾಸ್ತ್ರದ ವ್ಯಾಸಂಗಕ್ಕೆ ತೊಡಗಿದರು. ಅಣುಗಳ ಒಳಗೆ ಶಕ್ತಿಯು ಹೇಗೆ ಹಂಚಿಕೊಂಡಿದೆ ಎಂಬುದನ್ನು ಲೆಕ್ಕ ಹಾಕಿ ತಿಳಿಯುವ ಶಾಸ್ತ್ರವದು. ಲೆಕ್ಕವಾದರೋ ಮುಗಿಯದಷ್ಟು. ಕೈಯಿಂದ ಮಾಡಿದರೆ ವರ್ಷಗಳು ಹಿಡಿಯುತ್ತವೆ. ಆ ದಿನಗಳಲ್ಲಿ ದೊಡ್ಡ ವ್ಯಾಪಾರಸಂಸ್ಥೆಗಳು ತಮ್ಮ ಜಮಾಖರ್ಚಿಗಾಗಿ ತೂತು ಕೊರೆದ ಕಾರ್ಡುಗಳಿಂದ ನಡೆಯುವ ಯಂತ್ರಗಳನ್ನು ಇಟ್ಟುಕೊಂಡಿದ್ದುವು. ಸಂಬಳದ ಪಟ್ಟಿಯನ್ನು ತಯಾರಿಸುವ ಆ ಯಂತ್ರಗಳಿಂದಲೇ ಅಣುಗಳ ಲೆಕ್ಕವನ್ನು ಏಕೆ ಮಾಡಿಸಬಾರದು ಎಂಬ ಆಲೋಚನೆ ಈ ತರುಣಿಗೆ ಹೊಳೆಯಿತು. ಹಾಗೆಯೇ ಮಾಡಿಸಿ ತೋರಿಸಿದರು. 1948ರಲ್ಲಿ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಅವರಿಗೆ ಡಾಕ್ಟರೇಟ್ ಪದವಿ ದೊರೆಯಿತು. ಒಂದು ಕೆಲಸಕ್ಕೆಂದು ಹುಟ್ಟಿದ ಉಪಕರಣವನ್ನು ಮತ್ತೊಂದು ಶಾಸ್ತ್ರಕ್ಕೆ ಒಗ್ಗಿಸಿಕೊಳ್ಳುವ ಈ ಬುದ್ಧಿಯೇ ಅವರ ಮುಂದಿನ ಸಾಧನೆಗಳೆಲ್ಲದರ ಬೀಜವೆಂದು ಹೇಳಬಹುದು.

ಅದೇ ವರ್ಷ ಅವರು ಭೌತವಿಜ್ಞಾನಿಯಾದ ಎಡ್ವರ್ಡ್ ಡೇಹಾಫ್ ಅವರನ್ನು ವಿವಾಹವಾದರು. ಮೂರು ವರ್ಷಕಾಲ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ವಿದ್ಯುತ್ ರಸಾಯನಶಾಸ್ತ್ರದ ಸಂಶೋಧನೆಯನ್ನು ನಡೆಸಿ, 1952ರಲ್ಲಿ ಪತಿಯೊಡನೆ ಮೇರಿಲೆಂಡ್ ಪ್ರಾಂತಕ್ಕೆ ಬಂದರು. ಇಬ್ಬರು ಹೆಣ್ಣುಮಕ್ಕಳ ಲಾಲನೆಪಾಲನೆಯಲ್ಲಿ ಕೆಲವು ವರ್ಷಗಳು ಕಳೆದುವು. ಒಮ್ಮೆ ಪ್ರಯೋಗಶಾಲೆಯಿಂದ ಹೊರಬಂದ ಸ್ತ್ರೀಯು ಮರಳಿ ಒಳಹೋಗುವುದು ಆ ಕಾಲದಲ್ಲಿ ಸುಲಭವಾಗಿರಲಿಲ್ಲ. ಡೇಹಾಫ್ ಅವರು 1957ರಲ್ಲಿ ಮೇರಿಲೆಂಡ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷಗಳ ಸಂಶೋಧನಾ ವೇತನವನ್ನು ಪಡೆದು ಮತ್ತೆ ಕೆಲಸಕ್ಕೆ ಕೈಹಾಕಿದರು. 1960ರಲ್ಲಿ ರಾಬರ್ಟ್ ಲೆಡ್ಲಿ ಎಂಬುವರು ರಾಷ್ಟ್ರೀಯ ಜೀವವೈದ್ಯಕ ಸಂಶೋಧನಾ ಪ್ರತಿಷ್ಠಾನವನ್ನು ಸ್ಥಾಪಿಸಿ, ಡೇಹಾಫ್ ಅವರನ್ನು ಸಹನಿರ್ದೇಶಕಿಯನ್ನಾಗಿ ಬರಮಾಡಿಕೊಂಡರು. ಗಣಕಯಂತ್ರವನ್ನು ವೈದ್ಯಶಾಸ್ತ್ರಕ್ಕೂ ಜೀವಶಾಸ್ತ್ರಕ್ಕೂ ಉಪಯೋಗಿಸುವುದೇ ಆ ಸಂಸ್ಥೆಯ ಗುರಿಯಾಗಿದ್ದಿತು.

ಅವರು ಕೈಗೊಂಡ ಕೆಲಸವನ್ನು ತಿಳಿಯಬೇಕಾದರೆ ಪ್ರೋಟೀನು ಎಂದರೇನೆಂಬುದನ್ನು ಸ್ವಲ್ಪ ನೋಡಬೇಕು. ನಮ್ಮ ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಹಿಮೋಗ್ಲೋಬಿನ್ ಒಂದು ಪ್ರೋಟೀನು. ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಮತ್ತೊಂದು. ಪ್ರೋಟೀನು ಒಂದು ಸರದಂತೆ. ಸರದ ಮಣಿಗಳಿಗೆ ಅಮೈನೋ ಆಮ್ಲಗಳೆಂದು ಹೆಸರು. ಮಣಿಗಳಲ್ಲಿ ಮುಖ್ಯವಾದ ಬಗೆಗಳು ಇಪ್ಪತ್ತು ಮಾತ್ರ. ಯಾವ ಮಣಿಯ ಮುಂದೆ ಯಾವ ಮಣಿ ಎಂಬ ಕ್ರಮದ ಮೇಲೆ ಸರದ ಗುಣ ನಿಂತಿದೆ. ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್ ಅವರು ಸುಮಾರು ಹತ್ತು ವರ್ಷ ಶ್ರಮಿಸಿ ಇನ್ಸುಲಿನ್ನಿನ 51 ಮಣಿಗಳ ಕ್ರಮವನ್ನು 1955ರ ಹೊತ್ತಿಗೆ ಪೂರ್ಣವಾಗಿ ಕಂಡುಹಿಡಿದರು. ಇದಕ್ಕಾಗಿ ಅವರಿಗೆ 1958ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಉದ್ದವಾದ ಸರವನ್ನು ಒಂದೇ ಸಾರಿ ಓದುವ ಉಪಾಯ ಆಗ ಇರಲಿಲ್ಲ. ಅದನ್ನು ಕಿಣ್ವಗಳಿಂದ ತುಂಡುಮಾಡಿ, ಒಂದೊಂದು ತುಂಡನ್ನೂ ಓದಿ, ಬಳಿಕ ತುಂಡುಗಳನ್ನು ಕ್ರಮವಾಗಿ ಜೋಡಿಸಬೇಕಾಗಿದ್ದಿತು. ಈ ಜೋಡಣೆಯ ರಹಸ್ಯವನ್ನು ನಮ್ಮ ಅಕ್ಷರಗಳಿಂದಲೇ ತಿಳಿಯಬಹುದು. ಒಂದು ಚೀಟಿಯಲ್ಲಿ ಮರದಮೇಲೆಗಿಳಿ ಎಂದು ಬಿಡುವಿಲ್ಲದೆ ಬರೆದಿದೆಯೆಂದು ಭಾವಿಸಿರಿ. ಚೀಟಿಯನ್ನು ಹರಿದಾಗ ಗಿಳಿ, ಮರ, ದಮೇಲೆ ಎಂಬ ಮೂರು ಚೂರುಗಳು ನಿಮ್ಮ ಕೈಗೆ ಬಂದುವು. ಇವುಗಳ ಕ್ರಮ ತಿಳಿಯದು. ಅದೇ ಬರಹದ ಇನ್ನೊಂದು ಚೀಟಿಯನ್ನು ಬೇರೆ ಸ್ಥಳಗಳಲ್ಲಿ ಹರಿದಾಗ ಮೇಲೆಗಿ, ಳಿ, ಮರದ ಎಂಬ ಚೂರುಗಳು ಬಂದುವು. ಮರದ ಎಂಬುದನ್ನು ನೋಡಿದೊಡನೆ, ಮರ ಎಂಬ ಚೂರಿನ ಮುಂದೆ ದಕಾರದಿಂದ ಮೊದಲಾಗುವ ಚೂರು ಬರಬೇಕೆಂದು ಗೊತ್ತಾಗುತ್ತದೆ. ಮೇಲೆಗಿ ಎಂಬುದರಿಂದ, ಕೊನೆಯಲ್ಲಿ ಗಿಳಿ ಬರಬೇಕೆಂದು ಸಿದ್ಧವಾಗುತ್ತದೆ. ಮೂರು ಚೂರುಗಳಾದರೆ ಇದು ಮಕ್ಕಳ ಆಟ. ಹತ್ತಾರು ಚೂರುಗಳಾದರೆ ಪಂಡಿತರಿಗೂ ತಲೆನೋವು. ಒಂದು ತುಂಡು ತಪ್ಪಿ ಕುಳಿತರೂ ಉಳಿದುದೆಲ್ಲ ತಪ್ಪು.

ಇಂತಹ ಬೇಸರಿಕೆಯ ಕೆಲಸಕ್ಕೆ ಯಂತ್ರವೇ ತಕ್ಕುದೆಂದು ಡೇಹಾಫ್ ಮತ್ತು ಲೆಡ್ಲಿ ಇಬ್ಬರೂ ನಿಶ್ಚಯಿಸಿದರು. ಅವರು ಕೂಡಿ ರಚಿಸಿದ ಗಣಕಕ್ರಮಕ್ಕೆ ಕಾಂಪ್ರೋಟೀನ್ ಎಂದು ಹೆಸರಿಟ್ಟು, 1962ರಲ್ಲಿ ವಿದ್ವಾಂಸರ ಮುಂದಿಟ್ಟರು. ಫೋರ್ಟ್ರಾನ್ ಎಂಬ ಗಣಕಭಾಷೆಯಲ್ಲಿ ಬರೆದು, ತೂತಿನ ಕಾರ್ಡುಗಳ ಮೂಲಕ ಐ.ಬಿ.ಎಂ. 7090 ಎಂಬ ಯಂತ್ರಕ್ಕೆ ಉಣಿಸಿದ ಆ ಕ್ರಮವು, ಮನುಷ್ಯರಿಗೆ ತಿಂಗಳುಗಟ್ಟಲೆ ಹಿಡಿಯಬಹುದಾದ ಜೋಡಣೆಯನ್ನು ನಿಮಿಷಗಳಲ್ಲಿ ಮಾಡಬಲ್ಲುದೆಂದು ಸಿದ್ಧಪಟ್ಟಿತು. ಜೀವವಿಜ್ಞಾನಕ್ಕಾಗಿ ರಚಿತವಾದ ಗಣಕಕ್ರಮಗಳಲ್ಲಿ ಇದು ಮೊಟ್ಟಮೊದಲನೆಯ ಸಾಲಿಗೆ ಸೇರಿದುದು.

ಯಂತ್ರವೇನೋ ಸಿದ್ಧವಾಯಿತು, ಅದಕ್ಕೆ ಒದಗಿಸುವ ಸಾಮಗ್ರಿ ಎಲ್ಲಿ? ಜಗತ್ತಿನ ಬೇರೆ ಬೇರೆ ಪ್ರಯೋಗಶಾಲೆಗಳಲ್ಲಿ ಪ್ರೋಟೀನುಗಳ ಕ್ರಮಗಳನ್ನು ಓದುತ್ತಿದ್ದರು. ಒಬ್ಬರು ಒಂದು ಪತ್ರಿಕೆಯಲ್ಲಿ ಪ್ರಕಟಿಸಿದರೆ, ಮತ್ತೊಬ್ಬರು ಇನ್ನೊಂದರಲ್ಲಿ. ಒಬ್ಬರು ಬರೆಯುವ ರೀತಿ ಮತ್ತೊಬ್ಬರದಲ್ಲ. ಇವೆಲ್ಲವನ್ನೂ ಒಂದೆಡೆ ಕೂಡಿಸಿ, ತಪ್ಪುಗಳನ್ನು ತಿದ್ದಿ, ಒಂದೇ ರೀತಿಯಲ್ಲಿ ಬರೆದು ಇಡಬೇಕೆಂದು ಡೇಹಾಫ್ ಸಂಕಲ್ಪ ಮಾಡಿದರು. ರಿಚರ್ಡ್ ಎಕ್, ಮೇರಿ ಚಾಂಗ್, ಮಿನ್ನಿ ಸೊಚಾರ್ಡ್ ಎಂಬ ಸಹಾಯಕರೊಡಗೂಡಿ 1965ರಲ್ಲಿ ಪ್ರೋಟೀನುಗಳ ಕ್ರಮ ಮತ್ತು ರಚನೆಯ ಅಟ್ಲಾಸ್ ಎಂಬ ಗ್ರಂಥವನ್ನು ಹೊರತಂದರು. ಭೂಪಟದ ಅಟ್ಲಾಸಿನಲ್ಲಿ ದೇಶಗಳಿರುವಂತೆ ಇದರಲ್ಲಿ ಪ್ರೋಟೀನುಗಳು. ಮೊದಲ ಮುದ್ರಣದಲ್ಲಿ ಇದ್ದುವು 65 ಪ್ರೋಟೀನುಗಳು ಮಾತ್ರ. ಅಂದಿಗೆ ಮನುಷ್ಯನಿಗೆ ತಿಳಿದಿದ್ದುದು ಹೆಚ್ಚುಕಡಿಮೆ ಅಷ್ಟೇ. ಆದರೆ ಜಗತ್ತಿನಲ್ಲಿ ಚೆದರಿದ್ದ ತಿಳಿವು ಒಂದು ರಟ್ಟಿನೊಳಗೆ ಬಂದುದು ಅದೇ ಮೊದಲು. ಮುಂದಿನ ವರ್ಷಗಳಲ್ಲಿ ಗ್ರಂಥವು ಮೇಲಿಂದ ಮೇಲೆ ಮುದ್ರಣಗೊಂಡು ದಪ್ಪವಾಗುತ್ತ ಹೋಯಿತು.

ಈ ಕೆಲಸಕ್ಕೆ ತಕ್ಕ ಗೌರವ ದೊರೆಯಿತೆ ಎಂದರೆ, ಕೂಡಲೆ ದೊರೆಯಲಿಲ್ಲ. ಪ್ರಯೋಗಶಾಲೆಯಲ್ಲಿ ಗಾಜಿನ ನಳಿಕೆಯನ್ನು ಹಿಡಿದು ಹೊಸದನ್ನು ಕಂಡವನೇ ವಿಜ್ಞಾನಿ. ಇತರರು ಕಂಡುದನ್ನು ಕಲೆಹಾಕುವುದು ಗುಮಾಸ್ತೆಯ ಕೆಲಸ ಎಂದು ಭಾವಿಸುವವರು ಆಗ ಬಹಳ ಮಂದಿ. ತಮ್ಮ ಅಪ್ರಕಟಿತ ಕ್ರಮಗಳನ್ನು ಕಳುಹಿಸಿಕೊಡಲು ಹಲವರು ಮನಸ್ಸು ಮಾಡಲಿಲ್ಲ. ಡೇಹಾಫ್ ಅವರ ತಂಡವಾದರೋ ಪತ್ರಿಕೆಗಳ ಪುಟಪುಟವನ್ನೂ ಹುಡುಕಿ, ಒಂದೊಂದು ಅಕ್ಷರವನ್ನೂ ಮೂಲದೊಡನೆ ತಾಳೆನೋಡಿ, ಸಂದೇಹ ಬಂದಲ್ಲಿ ಕಂಡುಹಿಡಿದವರಿಗೇ ಪತ್ರ ಬರೆದು ಕೇಳುತ್ತಿದ್ದಿತು.

ಒಂದು ಅಕ್ಷರಕ್ಕೆ ಇಷ್ಟು ಶ್ರಮವೇ ಎಂದು ಕೇಳುವವರಿಗೆ ಹಿಮೋಗ್ಲೋಬಿನ್ ಉತ್ತರವನ್ನು ಕೊಡುತ್ತದೆ. ಅದರ ಬೀಟಾ ಸರದಲ್ಲಿ 146 ಮಣಿಗಳಿವೆ. ಅವುಗಳಲ್ಲಿ ಆರನೆಯದು ಗ್ಲುಟಾಮಿಕ್ ಆಮ್ಲ. ಅದರ ಸ್ಥಾನದಲ್ಲಿ ವ್ಯಾಲೀನ್ ಎಂಬ ಬೇರೆ ಮಣಿ ಬಂದಿತೆಂದರೆ ಕೆಂಪು ರಕ್ತಕಣವು ಕುಡುಗೋಲಿನಂತೆ ಬಾಗುತ್ತದೆ. ತಂದೆ ತಾಯಿ ಇಬ್ಬರಿಂದಲೂ ಈ ದೋಷವನ್ನು ಪಡೆದ ಮಗು ಬಾಳೆಲ್ಲ ನೋವನ್ನು ಅನುಭವಿಸುತ್ತದೆ. ಇದನ್ನು ವರ್ನನ್ ಇಂಗ್ರಾಮ್ ಎಂಬ ವಿಜ್ಞಾನಿ 1957ರಲ್ಲಿ ತೋರಿಸಿಕೊಟ್ಟಿದ್ದರು. 146ರಲ್ಲಿ ಒಂದು ಮಾತ್ರ ಬದಲಾದುದಕ್ಕೆ ಇಷ್ಟು ಫಲ! ಪ್ರಕೃತಿಯ ಬರಹದಲ್ಲಿ ಒಂದು ಅಕ್ಷರಕ್ಕೆ ಇಷ್ಟು ಬೆಲೆಯಿರುವಾಗ, ಅದನ್ನು ನಕಲು ಮಾಡುವವರ ಪುಸ್ತಕದಲ್ಲಿ ಅಕ್ಷರ ತಪ್ಪಬಹುದೆ?

ಬರೆಯುವ ರೀತಿಯನ್ನು ಸುಗಮಗೊಳಿಸಿದುದು ಡೇಹಾಫ್ ಅವರ ಇನ್ನೊಂದು ಉಪಕಾರ. ರಸಾಯನಶಾಸ್ತ್ರಜ್ಞರು ಒಂದೊಂದು ಅಮೈನೋ ಆಮ್ಲವನ್ನೂ ಮೂರು ಮೂರು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದರು. ತೂತಿನ ಕಾರ್ಡಿನಲ್ಲಿ 80 ಅಕ್ಷರಗಳಿಗೆ ಮಾತ್ರ ಸ್ಥಳ. ಹೀಗಾಗಿ 146 ಮಣಿಗಳ ಸರಕ್ಕೆ ಆರು ಕಾರ್ಡುಗಳು ಬೇಕಾಗುತ್ತಿದ್ದುವು. ಮಣಿಗೆ ಒಂದೇ ಅಕ್ಷರವಾದರೆ ಎರಡು ಕಾರ್ಡು ಸಾಕು. ಎರಡು ಸರಗಳನ್ನು ಒಂದರ ಕೆಳಗೊಂದು ಬರೆದು ಹೋಲಿಸುವುದೂ ಸುಲಭ. ಇದಕ್ಕೆ ಮೊದಲೂ ಕೆಲವರು ಒಂದಕ್ಷರದ ಪದ್ಧತಿಗಳನ್ನು ಸೂಚಿಸಿದ್ದುಂಟು. ಆದರೆ ಬಳಕೆಯಲ್ಲಿ ನಿಂತುದು ಡೇಹಾಫ್ ಮತ್ತು ಎಕ್ ಅವರ ಗ್ರಂಥದ ಪದ್ಧತಿ. ಅದನ್ನು ಆಧಾರವಾಗಿಟ್ಟುಕೊಂಡು ಅಂತರರಾಷ್ಟ್ರೀಯ ರಸಾಯನ ಹಾಗೂ ಜೀವರಸಾಯನ ಸಂಘಗಳ ಮಂಡಲಿಯು 1968ರಲ್ಲಿ ಎಲ್ಲ ದೇಶಗಳಿಗೂ ಒಂದೇ ಕ್ರಮವನ್ನು ಶಿಫಾರಸು ಮಾಡಿತು.

ಇಪ್ಪತ್ತು ಹೆಸರುಗಳಿಗೆ ಇಪ್ಪತ್ತು ಅಕ್ಷರಗಳನ್ನು ಹಂಚಿದ ಜಾಣ್ಮೆಯನ್ನು ನೋಡಿರಿ. ಸಿಸ್ಟೀನ್, ಹಿಸ್ಟಿಡೀನ್, ಐಸೊಲ್ಯೂಸೀನ್, ಮೆಥಿಯೊನೀನ್, ಸೆರೀನ್, ವ್ಯಾಲೀನ್ ಈ ಆರರ ಮೊದಲ ಅಕ್ಷರಗಳಿಗೆ ಪ್ರತಿಸ್ಪರ್ಧಿಗಳಿಲ್ಲ. ಅವುಗಳಿಗೆ ಅವವೇ ದೊರೆತುವು. ಎ ಅಕ್ಷರಕ್ಕೆ ನಾಲ್ಕು ಹಕ್ಕುದಾರರು. ಅದನ್ನು ಅಲನೀನಿಗೆ ಕೊಟ್ಟು, ಅರ್ಜಿನೀನಿಗೆ ಅದರ ಹೆಸರಿನಲ್ಲಿ ಕೇಳಿಬರುವ ಆರ್ ಅನ್ನು ಕೊಟ್ಟರು. ಫೀನೈಲ್‌ಅಲನೀನ್ ಪಿ ಅಕ್ಷರದಿಂದ ಮೊದಲಾದರೂ ನಾಲಗೆಯಲ್ಲಿ ಎಫ್ ಆಗಿ ನುಡಿಯುವುದರಿಂದ ಅದಕ್ಕೆ ಎಫ್. ಟ್ರಿಪ್ಟೊಫಾನ್ ಅಣುವಿನಲ್ಲಿ ಎರಡು ಉಂಗುರಗಳು ಕೂಡಿರುವುದರಿಂದ ಅದಕ್ಕೆ ಜೋಡಿಯಂತೆ ಕಾಣುವ ಡಬ್ಲ್ಯೂ. ಲೈಸೀನಿಗೆ ಎಲ್ ಸಿಕ್ಕಲಿಲ್ಲ. ನೆರೆಮನೆಯ ಕೆ ಸಿಕ್ಕಿತು. ಓ ಅಕ್ಷರವನ್ನು ಸೊನ್ನೆಯೆಂದೂ, ಯು ಅಕ್ಷರವನ್ನು ವಿ ಎಂದೂ ಕೈಬರಹದಲ್ಲಿ ತಪ್ಪಾಗಿ ಓದುವ ಭಯವಿದ್ದುದರಿಂದ ಅವೆರಡನ್ನೂ ಆಗ ಬಿಟ್ಟರು. ಜೆ ಅಕ್ಷರವು ಹಲವು ಭಾಷೆಗಳಲ್ಲಿ ಇಲ್ಲವೆಂಬ ಕಾರಣದಿಂದ ಅದನ್ನೂ ಕೈಬಿಟ್ಟರು. ಪರಭಾಷೆಯವನಿಗೆ ತೊಂದರೆಯಾಗಬಾರದೆಂಬ ಈ ಎಚ್ಚರಿಕೆಯು, ಹಲವು ಭಾಷೆಗಳ ನಡುವೆ ಬದುಕುವ ನಮಗೆ ವಿಶೇಷವಾಗಿ ಮೆಚ್ಚಿಗೆಯಾಗತಕ್ಕದ್ದು.

ಇದರಲ್ಲಿ ಇನ್ನೊಂದು ಗುಣವಿದೆ. ಆ ಕಾಲದ ಪರೀಕ್ಷೆಗಳಲ್ಲಿ ಅಸ್ಪಾರ್ಟಿಕ್ ಆಮ್ಲವೋ ಅದರ ಬಂಧುವಾದ ಅಸ್ಪರಜೀನೋ ಎಂಬುದು ಎಷ್ಟೋ ವೇಳೆ ನಿಶ್ಚಯವಾಗುತ್ತಿರಲಿಲ್ಲ. ಅಂತಹ ಸ್ಥಳಕ್ಕೆ ಬಿ ಎಂದು ಬರೆಯಬೇಕು. ಗ್ಲುಟಾಮಿಕ್ ಆಮ್ಲವೋ ಗ್ಲುಟಮೀನೋ ಎಂಬ ಸಂದೇಹವಿದ್ದರೆ ಝಡ್. ಏನೆಂದೇ ತಿಳಿಯದಿದ್ದರೆ ಎಕ್ಸ್. ತಿಳಿದುದಕ್ಕೆ ಅಕ್ಷರವಿರುವಂತೆ, ತಿಳಿಯದುದಕ್ಕೂ ಒಂದು ಅಕ್ಷರ! ಗೊತ್ತಿಲ್ಲದ ಉತ್ತರವನ್ನು ಊಹಿಸಿ ತುಂಬಿಬಿಡುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕೆ?

ಡೇಹಾಫ್ ಅವರು ಕೇವಲ ಸಂಗ್ರಹಿಸಿ ಸುಮ್ಮನಾದವರಲ್ಲ. ಕೂಡಿಸಿದ ರಾಶಿಯಿಂದಲೇ ಹೊಸ ಜ್ಞಾನವನ್ನು ಹೊರತೆಗೆದರು. ಫೆರೆಡಾಕ್ಸಿನ್ ಎಂಬುದು ಕೆಲವು ಸೂಕ್ಷ್ಮಜೀವಿಗಳಲ್ಲಿರುವ ಒಂದು ಪುರಾತನ ಪ್ರೋಟೀನು. ಅದರ ಸರದಲ್ಲಿ 55 ಮಣಿಗಳು. ಸರದ ಮೊದಲರ್ಧವನ್ನೂ ಎರಡನೆಯ ಅರ್ಧವನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಎರಡಕ್ಕೂ ಸ್ಪಷ್ಟವಾದ ಹೋಲಿಕೆ ಕಂಡಿತು. ಚಿಕ್ಕದೊಂದು ಸರವು ಹಿಂದೆ ಯಾವಾಗಲೋ ಇಮ್ಮಡಿಯಾಗಿ ಈ ಸರವಾಯಿತೆಂದೂ, ಆ ಚಿಕ್ಕ ಸರವಾದರೂ ಇನ್ನೂ ಪುಟ್ಟದಾದ ನಾಲ್ಕು ಮಣಿಗಳ ತುಣುಕು ಮರುಕಳಿಸಿ ಬೆಳೆದುದೆಂದೂ ಡೇಹಾಫ್ ಮತ್ತು ಎಕ್ 1966ರಲ್ಲಿ ಪ್ರತಿಪಾದಿಸಿದರು. ಜೀವವಿಕಾಸದ ಇತಿಹಾಸವನ್ನು ಕಲ್ಲಾದ ಮೂಳೆಗಳಲ್ಲಿ ಹುಡುಕುವಂತೆ ಪ್ರೋಟೀನುಗಳ ಅಕ್ಷರಗಳಲ್ಲಿಯೂ ಹುಡುಕಬಹುದೆಂದು ಇದರಿಂದ ವ್ಯಕ್ತವಾಯಿತು.

ಮತ್ತೊಂದು ಸಾಧನೆ 1978ರದು. ಹತ್ತಿರದ ಬಂಧುಗಳಾದ ಪ್ರೋಟೀನುಗಳ 71 ಗುಂಪುಗಳನ್ನು ತೆಗೆದುಕೊಂಡು, ಅವುಗಳಲ್ಲಿ ಕಂಡುಬಂದ 1572 ಅಕ್ಷರಬದಲಾವಣೆಗಳನ್ನು ಡೇಹಾಫ್ ಮತ್ತು ಸಂಗಡಿಗರು ಎಣಿಸಿದರು. ಯಾವ ಅಕ್ಷರದ ಸ್ಥಳದಲ್ಲಿ ಯಾವ ಅಕ್ಷರ ಬಂದರೆ ಪ್ರಕೃತಿಯು ಸಹಿಸುತ್ತದೆ, ಯಾವುದನ್ನು ಸಹಿಸುವುದಿಲ್ಲ ಎಂಬುದನ್ನು ಅಂಕಿಗಳ ಕೋಷ್ಟಕವಾಗಿ ಬರೆದರು. ಇದಕ್ಕೆ ಪ್ಯಾಮ್ ಕೋಷ್ಟಕವೆಂದು ಹೆಸರು. ಎರಡು ಪ್ರೋಟೀನುಗಳು ನಿಜವಾದ ಬಂಧುಗಳೋ, ಆಕಸ್ಮಿಕವಾಗಿ ಹೋಲುವ ಅಪರಿಚಿತರೋ ಎಂಬುದನ್ನು ತೂಗಿ ನೋಡಲು ಅದು ತಕ್ಕಡಿಯಾಯಿತು. ಇದರ ನಡುವೆ ಅವರು ಖಗೋಳವಿಜ್ಞಾನಿ ಕಾರ್ಲ್ ಸೇಗನ್ ಮೊದಲಾದವರೊಡನೆ ಶುಕ್ರಾದಿ ಗ್ರಹಗಳ ವಾಯುಮಂಡಲದ ಲೆಕ್ಕಗಳನ್ನೂ ಮಾಡಿದರು. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ವೈದ್ಯಕೇಂದ್ರದಲ್ಲಿ ಪ್ರಾಧ್ಯಾಪಕಿಯಾಗಿದ್ದರು. ಅಮೆರಿಕದ ಜೀವಭೌತವಿಜ್ಞಾನ ಸಂಘದ ಕಾರ್ಯದರ್ಶಿಯೂ ಬಳಿಕ ಅಧ್ಯಕ್ಷೆಯೂ ಆಗಿ, ಆ ಎರಡು ಸ್ಥಾನಗಳನ್ನೂ ಅಲಂಕರಿಸಿದ ಪ್ರಥಮ ಮಹಿಳೆಯೆನಿಸಿದರು.

ಇನ್ನು ಅವರ ಬಾಳಿನ ಕಹಿಯಾದ ಅಧ್ಯಾಯವನ್ನು ಹೇಳಬೇಕು. 1970ರ ದಶಕದ ಕೊನೆಗೆ ಡಿ.ಎನ್.ಎ. ಅಕ್ಷರಗಳನ್ನು ಶೀಘ್ರವಾಗಿ ಓದುವ ಉಪಾಯಗಳು ಬಂದುವು. ಅಕ್ಷರಗಳ ಪ್ರವಾಹವೇ ಹರಿಯತೊಡಗಿತು. ಡೇಹಾಫ್ ಅವರು ಅವನ್ನೂ ಸಂಗ್ರಹಿಸಿ, 1980ರಲ್ಲಿ ದೂರವಾಣಿ ತಂತಿಯ ಮೂಲಕ ದೂರದ ವಿಜ್ಞಾನಿಗಳೂ ತಮ್ಮ ಭಂಡಾರವನ್ನು ನೋಡುವ ಏರ್ಪಾಟನ್ನು ಮಾಡಿದರು. ಅಷ್ಟರಲ್ಲಿ ಅಮೆರಿಕದ ಸರಕಾರವು ರಾಷ್ಟ್ರೀಯ ಭಂಡಾರವೊಂದನ್ನು ಸ್ಥಾಪಿಸಲು ನಿಶ್ಚಯಿಸಿ, ಅದನ್ನು ನಡೆಸುವವರು ಯಾರೆಂದು ಕರೆ ಕೊಟ್ಟಿತು. ಇಪ್ಪತ್ತು ವರ್ಷಗಳ ಅನುಭವವಿದ್ದ ಡೇಹಾಫ್ ಅವರು ತಮಗೇ ಅದು ಬರುವುದೆಂದು ನಂಬಿದ್ದರೆ ಆಶ್ಚರ್ಯವಿಲ್ಲ. ಆದರೆ 1982ರಲ್ಲಿ ಆ ಕಾರ್ಯವು ಲಾಸ್ ಅಲಮೋಸ್ ಪ್ರಯೋಗಶಾಲೆಯ ವಾಲ್ಟರ್ ಗೋಡ್ ಅವರಿಗೂ ಅವರೊಡನೆ ಸೇರಿದ ಒಂದು ಸಂಸ್ಥೆಗೂ ಹೋಯಿತು. ಜೆನ್‌ಬ್ಯಾಂಕ್ ಎಂದು ಪ್ರಸಿದ್ಧವಾದ ಭಂಡಾರವೇ ಅದು.

ಹೀಗೇಕಾಯಿತು? ಅಟ್ಲಾಸ್ ಗ್ರಂಥಕ್ಕೆ ಬೆಲೆಯಿದ್ದಿತು. ಅದರಲ್ಲಿದ್ದುದನ್ನು ಬೇರೆಯವರು ಮತ್ತೆ ಹಂಚಬಾರದೆಂಬ ಕಟ್ಟುಪಾಡಿದ್ದಿತು. ತಾವು ಕಷ್ಟಪಟ್ಟು ಓದಿದ ಕ್ರಮಗಳನ್ನು ಬಿಟ್ಟಿಯಾಗಿ ಕೊಟ್ಟು, ಮತ್ತೆ ಅವುಗಳನ್ನೇ ಹಣ ತೆತ್ತು ಕೊಳ್ಳುವುದು ಹಲವು ವಿಜ್ಞಾನಿಗಳಿಗೆ ಸರಿತೋರಲಿಲ್ಲ. ಗೋಡ್ ಅವರ ಕಡೆಯವರಾದರೋ ಸಂಗ್ರಹದ ಮೇಲೆ ಒಡೆತನವನ್ನು ಹೂಡದೆ ಎಲ್ಲರಿಗೂ ತೆರೆದಿಡುವುದಾಗಿ ಮಾತು ಕೊಟ್ಟರು. ನಮ್ಮ ಅಭಿಪ್ರಾಯದಲ್ಲಿ ಆ ತೀರ್ಮಾನವು ವಿಜ್ಞಾನಕ್ಕೆ ಹಿತವನ್ನೇ ಮಾಡಿತು. ಹಾಗೆಂದು ಡೇಹಾಫ್ ಅವರನ್ನು ಲೋಭಿಗಳೆಂದು ಎಣಿಸುವುದು ಅನ್ಯಾಯವಾದೀತು. ತಾಳೆನೋಡುವವರಿಗೆ ಸಂಬಳ, ಯಂತ್ರಕ್ಕೆ ಬಾಡಿಗೆ, ಮುದ್ರಣದ ಖರ್ಚು ಇವು ಪ್ರತಿ ವರ್ಷವೂ ಬೇಕು. ಹೊಸದನ್ನು ಕಂಡುಹಿಡಿಯಲು ಹಣ ಕೊಡುವವರು, ಕಂಡುದನ್ನು ಕಾಪಾಡಲು ಕೈ ಬಿಗಿಹಿಡಿಯುತ್ತಿದ್ದರು. ಪುಸ್ತಕವನ್ನು ಮಾರಿ ಬಂದ ಹಣದ ನೆರವಿನಿಂದಲೇ ಮುಂದಿನ ಪುಸ್ತಕ ಹೊರಡಬೇಕಾಗಿದ್ದಿತು. ಗ್ರಂಥಾಲಯವು ಎಲ್ಲರಿಗೂ ತೆರೆದಿರಲೆಂದು ಬಯಸುವವರು ಅದರ ದೀಪಕ್ಕೆ ಎಣ್ಣೆಯನ್ನು ಹೊಯ್ಯುವ ಹೊಣೆಯನ್ನೂ ಹೊರಬೇಕಷ್ಟೆ.

ಈ ನಿರಾಶೆಯ ನಡುವೆಯೂ ಅವರು ಕೈಚೆಲ್ಲಿ ಕೂರಲಿಲ್ಲ. ಪ್ರೋಟೀನುಗಳ ಭಂಡಾರಕ್ಕೆ ಶಾಶ್ವತವಾದ ನೆರವನ್ನು ದೊರಕಿಸಲು ಮನವಿಗಳನ್ನು ಸಿದ್ಧಪಡಿಸುತ್ತಿದ್ದರು. ಅದರ ಫಲವನ್ನು ಕಾಣುವ ಮೊದಲೇ, 1983ರ ಫೆಬ್ರವರಿ 5ರಂದು, ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 57 ವರ್ಷ ವಯಸ್ಸು. ಮರುವರ್ಷ, 1984ರಲ್ಲಿ, ಅವರ ಸಂಗಡಿಗರ ಕೈಯಲ್ಲಿ ಆ ಭಂಡಾರವು ಸಾರ್ವಜನಿಕ ಸಂಪನ್ಮೂಲವಾಗಿ ನೆಲೆಗೊಂಡಿತು. ಅದು 2002ರಲ್ಲಿ ಯೂರೋಪಿನ ಭಂಡಾರಗಳೊಡನೆ ಕೂಡಿ ಯೂನಿಪ್ರಾಟ್ ಆಯಿತು. ಇಂದು ಯಾವ ದೇಶದ ವಿದ್ಯಾರ್ಥಿಯಾದರೂ ಕಾಸು ತೆರದೆ ಅದನ್ನು ತೆರೆದು ಓದಬಹುದು. 65 ಪ್ರೋಟೀನುಗಳಿಂದ ಮೊದಲಾದ ಆ ಸಂಗ್ರಹದ ಪರಂಪರೆ ಇಂದು ಕೋಟಿಗಟ್ಟಲೆ ಕ್ರಮಗಳಿಗೆ ಬೆಳೆದಿದೆ. ಜೀವಭೌತವಿಜ್ಞಾನ ಸಂಘವು ಅವರ ಹೆಸರಿನಲ್ಲಿ ವಿಜ್ಞಾನದ ಹಾದಿಯನ್ನು ಹಿಡಿದ ಯುವ ಮಹಿಳೆಯರಿಗೆ ಪ್ರಶಸ್ತಿಯನ್ನು ಕೊಡುತ್ತಿದೆ.

ಈಗ ಮೊದಲು ಹೇಳಿದ ಮಾತಿಗೆ ಮರಳೋಣ. ಭಾರತದಲ್ಲಿ ಜನಿಸಿದ ಹರಗೋವಿಂದ ಖೊರಾನಾ ಅವರ ತಂಡವು 1970ರಲ್ಲಿ 77 ಜೋಡಿ ಅಕ್ಷರಗಳ ಒಂದು ಜೀನನ್ನು ರಾಸಾಯನಿಕವಾಗಿ ಜೋಡಿಸಿತು. ಅಂದು ಅದು ವರ್ಷಗಟ್ಟಲೆಯ ತಪಸ್ಸು. ಈಗಲಾದರೋ ಬೇಕಾದ ಜೀನನ್ನು ಗಣಕಯಂತ್ರದಲ್ಲಿ ಬರೆದು ಕಳುಹಿಸಿದರೆ, ತಯಾರಿಸಿಕೊಡುವ ಕಾರ್ಖಾನೆಗಳಿವೆ. ಜೀನಿನ ಆರಂಭವನ್ನು ಸೂಚಿಸುವ ಭಾಗ, ಪ್ರೋಟೀನನ್ನು ಹೇಳುವ ಭಾಗ, ಕೊನೆಯನ್ನು ಸೂಚಿಸುವ ಭಾಗ ಇವನ್ನು ಗೋಡೆ ಬಾಗಿಲು ಕಿಟಕಿಗಳಂತೆ ಆರಿಸಿ ಜೋಡಿಸುವ ಉಪಕರಣಗಳು ಬಂದಿವೆ. 2016ರಲ್ಲಿ ಪ್ರಕಟವಾದ ಸೆಲ್ಲೊ ಎಂಬ ಗಣಕಕ್ರಮಕ್ಕೆ ಕೋಶವು ಏನು ಮಾಡಬೇಕೆಂದು ಹೇಳಿದರೆ, ಅದಕ್ಕೆ ಬೇಕಾದ ಡಿ.ಎನ್.ಎ. ಅಕ್ಷರಮಾಲೆಯನ್ನು ತಾನೇ ಬರೆದುಕೊಡುತ್ತದೆ. ಅದು ಬರೆದುಕೊಟ್ಟ 60 ನಕ್ಷೆಗಳಲ್ಲಿ 45 ಸಂಪೂರ್ಣವಾಗಿ ಹೇಳಿದಂತೆ ನಡೆದುವು.

ಆದರೆ ಒಂದು ಪ್ರಯೋಗಶಾಲೆಯ ನಕ್ಷೆಯನ್ನು ಇನ್ನೊಂದು ಪ್ರಯೋಗಶಾಲೆಯ ಯಂತ್ರವು ಓದಬೇಡವೆ? ಅದೇ ಹಳೆಯ ತೊಡಕು ಹೊಸ ವೇಷದಲ್ಲಿ ಬಂದಿತು. ಇದಕ್ಕಾಗಿ ಹಲವು ದೇಶಗಳ ಸಂಶೋಧಕರು ಕೂಡಿ ಎಸ್.ಬಿ.ಓ.ಎಲ್. ಎಂಬ ಸಾಮಾನ್ಯ ಬರಹಕ್ರಮವನ್ನು ರಚಿಸಿ, 2011ರಿಂದ ಅದನ್ನು ತಿದ್ದುತ್ತ ಬೆಳೆಸುತ್ತ ಬಂದಿದ್ದಾರೆ. ಸಂಶ್ಲೇಷಿತ ಜೀವವಿಜ್ಞಾನದ ಮುಕ್ತ ಭಾಷೆ ಎಂದು ಅದರ ಹೆಸರಿನ ಅರ್ಥ. ನಕ್ಷೆಯ ಯಾವ ಭಾಗ ಎಲ್ಲಿಂದ ಎಲ್ಲಿಯವರೆಗೆ, ಅದರ ಕೆಲಸವೇನು, ಯಾವುದರಿಂದ ಅದನ್ನು ಪಡೆದರು ಎಂಬುದೆಲ್ಲವನ್ನೂ ಯಾವ ಯಂತ್ರವೂ ಓದುವಂತೆ ಅದರಲ್ಲಿ ಬರೆಯಬಹುದು. ಆ ಭಾಷೆಯಲ್ಲಿ ಪ್ರೋಟೀನಿನ ಕ್ರಮವನ್ನು ಬರೆಯಬೇಕಾದಾಗ ಬಳಸುವುದು ಡೇಹಾಫ್ ಅವರ ಪದ್ಧತಿಯಿಂದ ಬಂದ ಅದೇ ಒಂದೊಂದು ಅಕ್ಷರಗಳನ್ನು. ಅದರ ಹೆಸರಿನಲ್ಲಿರುವ ಮುಕ್ತ ಎಂಬ ಪದವಾದರೋ ಅವರು ಸೋತ ಸ್ಪರ್ಧೆಯು ಲೋಕಕ್ಕೆ ಕಲಿಸಿದ ಪಾಠ. ಹೀಗೆ ಅವರ ಗೆಲವು ಸೋಲು ಎರಡೂ ಮುಂದಿನವರಿಗೆ ಉಪಕಾರವಾದುವು.

ವಿದ್ಯಾರ್ಥಿಗಳೆ, ನೀವು ಹಾಳೆಯ ಅಂಚಿನಲ್ಲಿ ದಿನಾಂಕವನ್ನು ಬರೆಯದೆ ಬಿಟ್ಟಾಗ, ಪ್ರಯೋಗದ ಅಳತೆಗೆ ಮಾನವನ್ನು ಸೂಚಿಸದೆ ಹೋದಾಗ, ಒತ್ತಕ್ಷರವನ್ನು ನುಂಗಿದಾಗ ಉಪಾಧ್ಯಾಯರು ಗದರಿಸುವುದುಂಟು. ಇಷ್ಟು ಸಣ್ಣದಕ್ಕೆ ಇಷ್ಟು ಕೋಪವೆ ಎಂದು ನೀವು ಗೊಣಗಿಕೊಳ್ಳುವುದೂ ಉಂಟು. ಹೊಸದನ್ನು ಕಂಡುಹಿಡಿಯುವ ಭಾಗ್ಯ ಎಲ್ಲರಿಗೂ ಬರಲಾರದು. ಕಂಡುದನ್ನು ತಪ್ಪಿಲ್ಲದೆ ಬರೆದು, ತಿಳಿಯದುದನ್ನು ತಿಳಿಯದೆಂದೇ ಗುರುತಿಸಿ, ಮುಂದೆ ಬರುವವನ ಕೈಗೆ ಸಿಕ್ಕುವಂತೆ ಇಡುವುದು ನಿಮ್ಮೆಲ್ಲರಿಗೂ ಸಾಧ್ಯ. ಆ ಸಣ್ಣ ಕೆಲಸವನ್ನು ಜೀವಮಾನವೆಲ್ಲ ಶ್ರದ್ಧೆಯಿಂದ ಮಾಡಿದುದರಿಂದಲೇ ಒಬ್ಬ ಮಹಿಳೆ ದೊಡ್ಡ ಶಾಸ್ತ್ರವೊಂದಕ್ಕೆ ನೆಲೆಯನ್ನು ಕಟ್ಟಿಕೊಟ್ಟರು. ಮುಂದಿನ ಜೂನ್ ತಿಂಗಳಲ್ಲಿ ನಾವು ಮತ್ತೆ ದಾಖಲೆ ಪುಸ್ತಕವನ್ನು ತೆರೆದು ನಿಮ್ಮ ತಮ್ಮತಂಗಿಯರ ಹೆಸರುಗಳನ್ನು ಬರೆಯುವಾಗ, ಒಂದೊಂದು ಅಕ್ಷರವನ್ನೂ ಎರಡು ಸಾರಿ ಕೇಳಿಯೇ ಬರೆಯುತ್ತೇವೆ.